ನಾಯಕ ಯಾರು ಅಂತ ಕೇಳುವುದನ್ನು ಬಿಟ್ಟ ಮೇಲೆ

ನಾನು ಸಿಂಧನೂರು ತಾಲ್ಲೂಕಿನವಳು. ಬಳ್ಳಾರಿಯಲ್ಲಿ ಎಂ.ಎಸ್.ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವಾಗ ಪ್ರಬಂಧಕ್ಕೆ ನಾಯಕತ್ವದ ವಿಷಯ ತೆಗೆದುಕೊಂಡೆ. ಒಂದೇ ವಿಭಾಗದಲ್ಲಿ ಕೂತು ಇದನ್ನು ಓದಲು ಆಗುವುದಿಲ್ಲ ಅಂತ ಗೊತ್ತಾಗಲು ಒಂದು ಪೂರ್ತಿ ಸೆಮಿಸ್ಟರ್ ಹೋಯಿತು. ನಮ್ಮ ಕಡೆ ಇದೇ ವಿಷಯ ಹಿಡಿದಿರುವ ತಂಗಿ, ತಮ್ಮಂದಿರಿಗೆ ಆ ಸೆಮಿಸ್ಟರ್ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಎಲ್ಲರ ಹಾಗೆ ನಾನೂ ಮೊದಲು ಪ್ರಶ್ನಾವಳಿ ಮಾಡಿದೆ. 'ಒಳ್ಳೆಯ ನಾಯಕನಲ್ಲಿ ಯಾವ ಗುಣಗಳು ಇರಬೇಕು?' ಅಂತ 40 ಜನರನ್ನು ಕೇಳಿದೆ. ಪ್ರಾಮಾಣಿಕತೆ, ಧೈರ್ಯ, ಎಲ್ಲರನ್ನೂ ಜೊತೆಗೆ ಕರೆದುಕೊಂಡು ಹೋಗುವುದು. ರೈತರು, ಹಾಸ್ಟೆಲ್ ಹುಡುಗಿಯರು, ಅಂಗಡಿಯವರು, ಎಲ್ಲರದ್ದೂ ಹೆಚ್ಚುಕಡಿಮೆ ಇದೇ ಉತ್ತರ. ಟೇಬಲ್ ಹಾಕಿ ನೋಡಿದರೆ ಅದರಲ್ಲಿ ನಮ್ಮ ಊರೇ ಕಾಣಲಿಲ್ಲ. ಆ ಹಾಳೆಗಳನ್ನು ಮುಂದಿಟ್ಟುಕೊಂಡು ಅತ್ತುಬಿಟ್ಟೆ.

ದಾರಿ ತೋರಿಸಿದವರು ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ಕಾಲುವೆಯ ಕೊನೆ ಭಾಗದ ಒಬ್ಬ ಹಿರಿಯ ರೈತರು. ಅವರಿಗೂ ಅದೇ ಪ್ರಶ್ನೆ ಕೇಳಿದ್ದೆ. ಟವೆಲ್‌ನಿಂದ ಮುಖ ಒರೆಸಿಕೊಂಡು ಹೇಳಿದರು: "ತಂಗೀ, ನಾಯಕ ಅಂದ್ರ ಯಾರು ಅಂತ ಕೇಳಿದ್ರ ನಾ ಏನು ಹೇಳ್ಲಿ? ನೀರು ಬರದಿದ್ದ ದಿನ ಏನಾತು ಅಂತ ಕೇಳು. ಕುಂದ್ರು, ಹೇಳ್ತೀನಿ."

ಕುಂತೆ. ಎರಡು ತಾಸು ಹೇಳಿದರು. ಅದೇ ದಿನದ ಬಗ್ಗೆ ಊರಿನ ಇನ್ನೂ 11 ಜನರನ್ನು, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದೆ.

ಆಗಿದ್ದು ಇಷ್ಟು. ಭತ್ತ ನಾಟಿ ಮಾಡಿ ಇನ್ನೂ ಬೇರು ಹಿಡಿಯುವ ಹೊತ್ತು. ನಾಲ್ಕು ದಿನ ಉಪಕಾಲುವೆಗೆ ನೀರು ಬರಲಿಲ್ಲ. ನೀರು ಬಳಕೆದಾರರ ಸಂಘದ ಅಧ್ಯಕ್ಷರು ಅರ್ಜಿ ಬರೆದು ಕಚೇರಿಗೆ ಹೋದರು. ಯುವಕರು ಎರಡು ಟ್ರ್ಯಾಕ್ಟರ್ ಹತ್ತಿ ಮೇಲಿನ ಊರಿನ ಕಡೆ ಹೊರಟರು. ಜೊತೆಗೆ ಒಬ್ಬ ನಿವೃತ್ತ ಗ್ಯಾಂಗ್‌ಮನ್, ಅಂದರೆ ಕಾಲುವೆ ನೋಡಿಕೊಳ್ಳುವ ನೌಕರ, ಇದ್ದರು. ಯಾವ ತೂಬು ಎಷ್ಟು ಎತ್ತಿದರೆ ಕೆಳಗೆ ಎಷ್ಟು ಕಡಿಮೆ ಆಗುತ್ತದೆ ಅಂತ ಕಾಲುವೆ ಏರಿ ಮೇಲೆ ನಡೆದೇ ಹೇಳುವವರು. ಎಲ್ಲಿ ನೀರು ತಿರುಗಿಸಿದ್ದಾರೆ ಅಂತ ತೋರಿಸಿದ್ದು ಅವರೇ. ಅಲ್ಲಿ ಮಾತಿಗೆ ಮಾತು ಬೆಳೆಯಿತು, ಕೈಗೆ ಬಡಿಗೆ ಬಂತು. ಆಗ ಟ್ರ್ಯಾಕ್ಟರ್ ಟ್ರೇಲರ್‌ನಿಂದ ಒಬ್ಬ ಹೆಣ್ಣುಮಗಳು ಇಳಿದು ನಡುವೆ ನಿಂತರು. ಮೇಲಿನ ಊರು ಅವರ ತವರು. ಆ ಕಡೆಯವರನ್ನು ಕಾಕಾ, ಅಣ್ಣ ಅಂತ ಹೆಸರು ಹಿಡಿದು ಕರೆದರು. "ನನ್ನ ತವರಿನವ್ರೇ ನನ್ನ ಗದ್ದಿ ಒಣಗಿಸಿದ್ರ ನಾ ಯಾರ ಮುಂದ ಹೇಳ್ಲಿ?" ಅಂದರಂತೆ. ಬಡಿಗೆ ಇಳಿದವು. ಆ ರಾತ್ರಿಯಿಂದ ಸರದಿ ಮೇಲೆ ನೀರು ಬಿಡುವ ಮಾತಾಯಿತು.

ನನ್ನ 40 ಹಾಳೆಗಳಲ್ಲಿ ಈ ಊರಿನವೂ ಇದ್ದವು. ಒಂದರಲ್ಲೂ ಆ ಅಕ್ಕನ ಸುಳಿವು ಇರಲಿಲ್ಲ. ದಿನದ ಬಗ್ಗೆ ಕೇಳಿದ 12 ಜನರಲ್ಲಿ 9 ಜನ ಅವರ ಹೆಸರು ತೆಗೆದರು. ಅವತ್ತೇ ತೀರ್ಮಾನ ಮಾಡಿದೆ. ಇನ್ನು ಮೇಲೆ ವ್ಯಕ್ತಿಯ ಬಗ್ಗೆ ಕೇಳುವುದಿಲ್ಲ, ಒಂದು ದಿನದ ಬಗ್ಗೆ ಕೇಳುತ್ತೇನೆ.

ಬೇರೆ ಬೇರೆ ವಿಭಾಗಗಳ ಪಾಠ ನನಗೆ ನಿಜವಾಗಿ ಅರ್ಥವಾಗಿದ್ದು ಇದಾದ ಮೇಲೆಯೇ. ರಾಜ್ಯಶಾಸ್ತ್ರದ ಗೆಳತಿ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಹೇಳಿದ ಮೂರು ಬಗೆಯ ಅಧಿಕಾರ ವಿವರಿಸಿದಳು: ಸಂಪ್ರದಾಯದಿಂದ ಬಂದದ್ದು, ವ್ಯಕ್ತಿಯ ವರ್ಚಸ್ಸಿನಿಂದ ಬಂದದ್ದು, ಕಾನೂನಿನಿಂದ ಬಂದದ್ದು. ಅಧ್ಯಕ್ಷರನ್ನು ಕಾನೂನಿನ ಸಾಲಿಗೆ ಸೇರಿಸಿದೆ. ಗ್ಯಾಂಗ್‌ಮನ್ ಯಾವ ಸಾಲಿಗೂ ಸರಿಯಾಗಿ ಕೂರಲಿಲ್ಲ. ಅವರ ಮಾತು ನಡೆದದ್ದು ಅವರಿಗೆ ಗೊತ್ತಿದ್ದ ಕೆಲಸದಿಂದ. ತವರಿನ ಅಕ್ಕನನ್ನು ಎಲ್ಲಿ ಇಡಬೇಕು ಅಂತ ನಾವಿಬ್ಬರೂ ಕ್ಯಾಂಟೀನ್‌ನಲ್ಲಿ ಒಂದು ಸಂಜೆ ಪೂರ್ತಿ ವಾದ ಮಾಡಿದೆವು. ಸಿದ್ಧಾಂತ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದು ಒಂದು ಕಿಟಕಿ. ಆ ಕಿಟಕಿಯಿಂದ ಕಾಣದವರನ್ನು ನೋಡಲು ಪಕ್ಕದ ವಿಭಾಗದ ಕಿಟಕಿಗೆ ಹೋಗಬೇಕು.

ಮ್ಯಾನೇಜ್‌ಮೆಂಟ್ ವಿಭಾಗದ ಪಾಠ ಓಪನ್ ಎಲೆಕ್ಟಿವ್‌ನಲ್ಲಿ (ಬೇರೆ ವಿಭಾಗದಿಂದ ಆರಿಸಿಕೊಳ್ಳುವ ಪತ್ರಿಕೆ) ಸಿಕ್ಕಿತು. ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ ಮತ್ತು ಜೊತೆಗಾರರು 1939ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅಲ್ಲಿ ಓದಿದೆ. ಅಮೆರಿಕದಲ್ಲಿ ಸುಮಾರು ಹತ್ತು ವರ್ಷದ ಹುಡುಗರ ಗುಂಪುಗಳಿಗೆ ಬೇರೆ ಬೇರೆ ರೀತಿಯ ಮುಖಂಡರನ್ನು ಕೊಟ್ಟು ನೋಡಿದ್ದರು. ಎಲ್ಲವನ್ನೂ ಆಜ್ಞೆ ಮಾಡಿಯೇ ಮಾಡಿಸುವ ಮುಖಂಡ ಕೋಣೆಯಿಂದ ಹೊರಗೆ ಹೋದರೆ ಹುಡುಗರ ಕೆಲಸ ನಿಲ್ಲುತ್ತಿತ್ತು. ಎಲ್ಲರನ್ನೂ ಕೇಳಿ ನಡೆಸುವವನು ಹೊರಗೆ ಹೋದರೂ ಕೆಲಸ ಸಾಗುತ್ತಿತ್ತು.

ಈ 'ಹೊರಗೆ ಹೋದ ಹೊತ್ತು' ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್‌ಗಳಿಗೆ ಕಡಿಮೆ ಇಲ್ಲ. ಪರಿಚಯದ ಅಕ್ಕ ಒಬ್ಬರ ಮೂಲಕ ಒಂದು ಚಿಕ್ಕ ಯೂನಿಟ್‌ನಲ್ಲಿ ಹತ್ತು ದಿನ ಕೂತೆ. ಕೆಲಸ ಮಾಡಿಸುವ ಮಾಸ್ಟರ್ ಇದ್ದಾಗ ಏನಾಗುತ್ತದೆ ಅಂತ ನೋಡಲಿಲ್ಲ, ಅವರು ಚಹಾಕ್ಕೆ ಹೋದಾಗ ನೋಡಿದೆ. ಜೇಬು ಹೊಲಿಯುವ ಒಬ್ಬ ಹಿರಿಯ ಟೇಲರ್ ತಲೆ ಎತ್ತದೆ, ಪಕ್ಕದ ಹೊಸ ಹುಡುಗಿಯ ಕಟ್ಟಿನಿಂದ ಆರೇಳು ಪೀಸ್ ತನ್ನ ಕಡೆ ಎಳೆದುಕೊಂಡರು. ಹೊಲಿದರು. ಮತ್ತೆ ಅವಳ ಕಟ್ಟಿಗೇ ಹಾಕಿದರು. ಅಲ್ಲಿ ಪೀಸ್ ಲೆಕ್ಕದಲ್ಲಿ ಕೂಲಿ. ಅಂದರೆ ಆ ದುಡ್ಡು ಅವಳಿಗೆ ಹೋಯಿತು. ಯಾರೂ ಏನೂ ಮಾತಾಡಲಿಲ್ಲ. ನನ್ನ ಪೆನ್ ಅಲ್ಲೇ ನಿಂತುಹೋಯಿತು. ಇವತ್ತಿಗೂ ನಾಯಕತ್ವ ಅಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಆ ನೀಲಿ ಬಟ್ಟೆ ಎಳೆದುಕೊಂಡ ಕೈ.

ಒಂದು ಗ್ರಾಮ ಪಂಚಾಯಿತಿಗೂ ಹೋದೆ. ನಮ್ಮ ರಾಜ್ಯದಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು ಅಲ್ವಾ, ಒಳ್ಳೆಯ ಅಧ್ಯಾಯ ಆಗುತ್ತದೆ ಅಂದುಕೊಂಡಿದ್ದೆ. ಆದರೆ ಸಿಕ್ಕಿದ್ದು ಎರಡು ಸಭೆ ಮಾತ್ರ. ಎರಡು ಸಭೆ ನೋಡಿ ಒಂದು ಊರಿನ ಬಗ್ಗೆ ಬರೆಯುವುದು ನ್ಯಾಯ ಅಲ್ಲ. ಆ ಅಧ್ಯಾಯ ಬಿಟ್ಟೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ಇರುವುದು 33 ಗೇಟ್. ನಮ್ಮ ಮನೆಯಲ್ಲಿ ಅವತ್ತು ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಹರಿಯುವ ನೀರಲ್ಲೇ ಸ್ಟಾಪ್ ಲಾಗ್, ಅಂದರೆ ಗೇಟ್ ಜಾಗದಲ್ಲಿ ನೀರು ತಡೆಯುವ ಉಕ್ಕಿನ ತುಂಡುಗಳನ್ನು ಇಳಿಸಿ, ಒಂದು ವಾರದೊಳಗೆ ನೀರು ತಡೆದರು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಹೆಸರು ಎಲ್ಲರ ಬಾಯಲ್ಲಿತ್ತು. ಇರಬೇಕಾದದ್ದೇ. ಆದರೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುವ ಗೆಳೆಯ ಫೋನಿನಲ್ಲಿ ಬೇರೆ ಪ್ರಶ್ನೆ ಎತ್ತಿದ: "ಆ ತೂಕದ ಉಕ್ಕನ್ನು ಅಳತೆಗೆ ಕತ್ತರಿಸಿ ಬೆಸುಗೆ ಹಾಕಿದವರು ಯಾರು? ಕ್ರೇನ್ ಹಿಡಿದವರು ಯಾರು? ಅವರಲ್ಲಿ ಯಾರ ಮಾತು ಯಾರು ಕೇಳಿದರು?" ಅವನ ಓದಿನಲ್ಲಿ ನಾಯಕತ್ವ ಅನ್ನುವ ಪತ್ರಿಕೆಯೇ ಇಲ್ಲ. ಆದರೂ ನನಗೆ ಸಿಕ್ಕ ಅತಿ ಒಳ್ಳೆಯ ಪ್ರಶ್ನೆಗಳಲ್ಲಿ ಅದೂ ಒಂದು.

ಎಲಿನೋರ್ ಆಸ್ಟ್ರೋಮ್ ಅವರನ್ನು ಓದಲು ಹೇಳಿದ್ದೂ ಅವನೇ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ನೇಪಾಳದಲ್ಲಿ ರೈತರೇ ನೋಡಿಕೊಳ್ಳುವ ಕಾಲುವೆಗಳು, ಸರ್ಕಾರ ನಡೆಸುವ ಎಷ್ಟೋ ಕಾಲುವೆಗಳಿಗಿಂತ ಚೆನ್ನಾಗಿ ನೀರು ಮುಟ್ಟಿಸುತ್ತಿದ್ದವು ಅಂತ ಅವರೂ ಜೊತೆಗಾರರೂ ತೋರಿಸಿದ್ದಾರೆ. ನಿಯಮ ಮಾಡುವವರು, ಕಾಯುವವರು, ನೀರು ಪಡೆಯುವವರು ಒಂದೇ ಜನ ಆಗಿದ್ದರೆ ಏನಾಗುತ್ತದೆ ಅನ್ನುವುದು ಅವರ ವಿಷಯ. ಅದನ್ನು ಓದಿ ಮತ್ತೆ ಊರಿಗೆ ಹೋಗಿ ಕೇಳಿದೆ: ಅವತ್ತಿನ ಸರದಿ ಎಷ್ಟು ದಿನ ನಡೆಯಿತು? ಯಾರು ಕಾದರು? ಮೊದಲ ಸಲ ನನಗೆ ಇದು ಹೊಳೆದೇ ಇರಲಿಲ್ಲ. ಜಗಳ ನಿಂತಲ್ಲಿಗೆ ಕಥೆ ಮುಗಿಯಿತು ಅಂದುಕೊಂಡಿದ್ದೆ.

ಆ ದಿನಗಳ ನೀರಿನ ಮಟ್ಟ ನೋಡಲು ಒಂದು ಕಚೇರಿಗೆ ಮೂರು ಸಲ ಅಲೆದೆ. ರಿಜಿಸ್ಟರ್ ತೋರಿಸಲಿಲ್ಲ. ಕೊನೆಗೆ ಆ ಗ್ಯಾಂಗ್‌ಮನ್ ಕಾಕಾ ಟ್ರಂಕ್ ತೆರೆದು ತಮ್ಮ ಚಿಕ್ಕ ಡೈರಿ ಕೊಟ್ಟರು. ಪೆನ್ಸಿಲ್‌ನಲ್ಲಿ ತಾರೀಖು, ಅದರ ಮುಂದೆ ಗೇಜಿನ ಅಂಕಿ. ನಿವೃತ್ತಿ ಆದ ಮೇಲೂ ಬರೆಯುತ್ತಾ ಬಂದಿದ್ದರು. ಸರದಿ 17 ದಿನ ನಡೆದಿದ್ದು ಅದರಿಂದ ಗೊತ್ತಾಯಿತು.

ಟಿಪ್ಪಣಿ ಬರೆಯುವುದನ್ನು ಹೀಗೆ ಇಟ್ಟುಕೊಂಡೆ. ಎಡಗಡೆ ಪುಟದಲ್ಲಿ ಜನ ಹೇಳಿದ್ದು, ಅವರ ಮಾತಿನಲ್ಲೇ. ಬಲಗಡೆ, ಯಾವ ವಿಭಾಗದವರು ಇದನ್ನು ಹೇಗೆ ನೋಡುತ್ತಾರೆ ಅಂತ. ಬಲಗಡೆ ಖಾಲಿ ಉಳಿದರೆ ಒದ್ದಾಡಬೇಡಿ, ಹಾಗೇ ಬಿಡಿ. ನನ್ನ ಗೈಡ್ ಜಾಸ್ತಿ ಪ್ರಶ್ನೆ ಕೇಳಿದ್ದು ಆ ಖಾಲಿ ಜಾಗಗಳ ಬಗ್ಗೆಯೇ.

ಬರೆದು ಮುಗಿಸಿದ ಮೇಲೆ ಕಾಲುವೆಯ ಅಧ್ಯಾಯವನ್ನು ಊರಿನ ಕಟ್ಟೆ ಮೇಲೆ ಕೂತು ಜೋರಾಗಿ ಓದಿದೆ. ಹೆಸರು ಬದಲಿಸಿದ್ದೆ, ಆದರೂ ಎಲ್ಲರಿಗೂ ಗೊತ್ತಾಯಿತು. ತವರಿನ ಅಕ್ಕ ಹಿಂದೆ ನಿಂತು ಕೇಳುತ್ತಿದ್ದರು. ನಾನು ಓದಿ ನಿಲ್ಲಿಸಿದಾಗ ಮುಂದೆ ಬಂದು, "ಒಂದು ಬಿಟ್ಟೀಯವ್ವಾ" ಅಂದರು. ಟ್ರ್ಯಾಕ್ಟರ್ ಹತ್ತುವ ಮೊದಲು ಅವರ ಅತ್ತೆ ಕೈ ಹಿಡಿದು, 'ನೀನೂ ಹೋಗು, ಗಂಡಸ್ರನ್ನ ಅಷ್ಟೇ ಕಳಿಸ್ಬ್ಯಾಡ' ಅಂದಿದ್ದರಂತೆ. ಅಲ್ಲೇ ಕೂತು ಬರೆದುಕೊಂಡೆ.