ಬಡವರ ಲೆಕ್ಕ ಹುಡುಕುತ್ತಾ: ಸ್ಕಾಟ್ಲೆಂಡಿನ ಹಳೇ ಪಟ್ಟಣಗಳ ಕಡತ ನಾನು ಓದಿದ ಬಗೆ

ಸ್ಕಾಟ್ಲೆಂಡಿನ ಪಟ್ಟಣಗಳ ಹಳೇ ಕಡತ ಓದುವುದು ನನ್ನ ಕೆಲಸ. ಅದರಲ್ಲೂ 1800ರಿಂದ 1845ರವರೆಗಿನ ಕಾಲ. ಊರಿನ ಬಡವರನ್ನು ಆಗ ಯಾರು ನೋಡಿಕೊಳ್ಳುತ್ತಿದ್ದರು, ಅದಕ್ಕೆ ದುಡ್ಡು ಎಲ್ಲಿಂದ ಬರುತ್ತಿತ್ತು ಅನ್ನುವುದೇ ನನ್ನ ಪ್ರಶ್ನೆ. ಈ ಕಡತಗಳನ್ನು ಎಲ್ಲಿಂದ ಶುರು ಮಾಡಬೇಕು ಅಂತ ಹೊಸಬರು ಕೇಳುತ್ತಾರೆ. ನಾನು ಮಾಡಿಕೊಂಡು ಬಂದ ಕ್ರಮ ಹೇಳುತ್ತೇನೆ.

ಮೊದಲು ಪಟ್ಟಣ ಆಳುತ್ತಿದ್ದ ಸಭೆ, ಅಂದರೆ ಟೌನ್ ಕೌನ್ಸಿಲ್, ಹೇಗೆ ರಚನೆಯಾಗುತ್ತಿತ್ತು ಅಂತ ತಿಳಿದುಕೊಂಡೆ. ರಾಜನ ಸನ್ನದು ಪಡೆದು ರಾಯಲ್ ಬರೋ ಅನ್ನಿಸಿಕೊಂಡ ಪಟ್ಟಣಗಳಲ್ಲಿ ಸಾಮಾನ್ಯ ಜನರಿಗೆ ಓಟು ಇರಲಿಲ್ಲ. 1469ರ ಕಾಯ್ದೆಯ ಪ್ರಕಾರ ಹಳೇ ಕೌನ್ಸಿಲ್ಲೇ ಹೊಸ ಕೌನ್ಸಿಲ್ಲನ್ನು ಆರಿಸುತ್ತಿತ್ತು. ಊರಿನ ಮುಖ್ಯಸ್ಥ ಪ್ರೊವೋಸ್ಟ್. ಅವನ ಜೊತೆಗೆ ನ್ಯಾಯ ಹೇಳುವ ಬೇಯ್ಲಿಗಳು, ಖಜಾಂಚಿ, ವ್ಯಾಪಾರಿಗಳ ಗಿಲ್ಡಿನವರು, ಕಸುಬುದಾರರ ಸಂಘಗಳ ಮುಖಂಡರು. ಅದೇ ಕೆಲವು ಮನೆತನಗಳ ಹೆಸರು ವರ್ಷ ವರ್ಷವೂ ಬರುತ್ತಿರುತ್ತವೆ. ಊರಿನ ಜಮೀನು, ಮಾರುಕಟ್ಟೆ ಸುಂಕ, ಬಂದರಿನ ಆದಾಯ ಎಲ್ಲಾ ಇವರ ಕೈಯಲ್ಲಿ. ಆ ಆಸ್ತಿಗೆ ‘ಕಾಮನ್ ಗುಡ್’ ಅನ್ನುತ್ತಿದ್ದರು. ಕೇಳುವವರು ಯಾರೂ ಇಲ್ಲದಿದ್ದಾಗ ಏನಾಗುತ್ತೆ ಹೇಳಿ? 1817ರಲ್ಲಿ ಅಬರ್ಡೀನ್ ಪಟ್ಟಣ ದಿವಾಳಿಯಾಯಿತು. 1833ರಲ್ಲಿ ಎಡಿನ್‌ಬರೋ ಸರದಿ. ಪಕ್ಕದ ಲೀತ್ ಬಂದರಿಗೆ ಮಾಡಿದ ಸಾಲ ಅದರ ದೊಡ್ಡ ಹೊರೆ. ಅದೇ 1833ರ ಕಾಯ್ದೆಯಿಂದ ವರ್ಷಕ್ಕೆ 10 ಪೌಂಡ್ ಬಾಡಿಗೆ ಬಾಳುವ ಮನೆ ಇದ್ದವರಿಗೆ ಓಟು ಬಂತು. ಬಡವರಿಗೆ ಆಗಲೂ ಬರಲಿಲ್ಲ.

ಕೌನ್ಸಿಲ್ಲಿನ ನಡಾವಳಿ ಪುಸ್ತಕವನ್ನಷ್ಟೇ ಓದಿದರೆ ಬಡವರು ಸಿಗುವುದೇ ಅಪರೂಪ. ಬೆಳೆ ಕೈಕೊಟ್ಟ 1800, 1816ರಂಥ ವರ್ಷಗಳಲ್ಲಿ ಅವರ ಸುದ್ದಿ ಬರುತ್ತದೆ. ಓಟ್ಸ್ ಹಿಟ್ಟಿನ ಬೆಲೆ ಏರಿ ಜನ ಗಲಾಟೆ ಮಾಡಿಯಾರು ಅಂತ ಕೌನ್ಸಿಲ್ ಧಾನ್ಯ ಕೊಳ್ಳುತ್ತದೆ, ಚಂದಾ ಎತ್ತುತ್ತದೆ. ಬೆಲೆ ಇಳಿದ ಮೇಲೆ ಮತ್ತೆ ಬಂದರು, ರಸ್ತೆ, ಕೋರ್ಟು ಕಚೇರಿ.

ಹಾಗಾಗಿ ನಾನು ಪಕ್ಕದಲ್ಲೇ ಚರ್ಚಿನ ಪುಸ್ತಕವನ್ನೂ ತೆರೆದಿಡುತ್ತೇನೆ. ಪಾದ್ರಿ ಮತ್ತು ಹಿರಿಯರು ಸೇರಿದ ಕರ್ಕ್ ಸೆಷನ್ ಅನ್ನುವ ಸಭೆಯ ಪುಸ್ತಕ ಅದು. ಬಡವರಿಗೆ ಕೈಯಾರೆ ದುಡ್ಡು ಕೊಡುತ್ತಿದ್ದದ್ದು ಹೆಚ್ಚಾಗಿ ಈ ಸಭೆಯೇ. ಇಂಥ ಪುಸ್ತಕಗಳ ಚಿತ್ರಗಳು ಈಗ ಸ್ಕಾಟ್ಲೆಂಡ್ಸ್ ಪೀಪಲ್ ಜಾಲತಾಣದಲ್ಲಿ ಸಿಗುತ್ತವೆ. ಆ ಕಾಲದ ಕೈಬರಹ ಓದಲು ಸಾಕಷ್ಟು ಸಲೀಸು. ಲೆಕ್ಕ ಮಾತ್ರ ಪೌಂಡ್, ಶಿಲಿಂಗ್, ಪೆನ್ಸ್‌ನಲ್ಲಿದೆ. ನಮ್ಮಜ್ಜಂದಿರ ರೂಪಾಯಿ-ಆಣೆ-ಪೈ ಲೆಕ್ಕದ ಹಾಗೆ ಕೂಡಿಸುವಾಗ ತಲೆ ತಿನ್ನುತ್ತದೆ. ಪೌಂಡಿಗೆ 240 ಪೆನ್ಸ್ ಅಂತ ಎಲ್ಲವನ್ನೂ ಪೆನ್ಸ್ ಮಾಡಿಕೊಂಡೇ ಎಕ್ಸೆಲ್‌ಗೆ ಹಾಕುತ್ತೇನೆ.

ಒಂದು ಕಡೆ ಜಮೆ: ಭಾನುವಾರ ಚರ್ಚಿನ ಬಾಗಿಲಲ್ಲಿ ಬಿದ್ದ ಕಾಣಿಕೆ, ಮದುವೆ ಸಾರಿದ್ದಕ್ಕೆ ಶುಲ್ಕ, ಅನೈತಿಕತೆಗೆ ಹಾಕಿದ ದಂಡ, ಶವಪೆಟ್ಟಿಗೆ ಮೇಲೆ ಹೊದಿಸುವ ಮಖಮಲ್ಲು ಬಟ್ಟೆಯ ಬಾಡಿಗೆ. ಹೌದು, ಆ ಬಟ್ಟೆ ಬಾಡಿಗೆಗೆ ಬಿಟ್ಟೇ ಎಷ್ಟೋ ಬಡವರ ಹೊಟ್ಟೆ ತುಂಬಿಸುತ್ತಿದ್ದರು. ಇನ್ನೊಂದು ಕಡೆ ಖರ್ಚು: ಮುದುಕಿಗೆ ತಿಂಗಳ ಕೆಲವು ಶಿಲಿಂಗ್, ತಬ್ಬಲಿ ಹುಡುಗನಿಗೆ ಶೂ, ಚಳಿಗೆ ಕಲ್ಲಿದ್ದಲು, ಯಾರಿಗೋ ಶವಪೆಟ್ಟಿಗೆ.

ನನ್ನನ್ನು ಬಹಳ ಕಾಡಿದ್ದು ಇನ್ನೊಂದು ಪದ್ಧತಿ. ಬಡವರ ಪಟ್ಟಿಗೆ ಸೇರಬೇಕಾದರೆ ಎಷ್ಟೋ ಕಡೆ ಮನೆಯ ಸಾಮಾನನ್ನೆಲ್ಲಾ ಸೆಷನ್ನಿಗೆ ಬರೆದುಕೊಡಬೇಕಿತ್ತು. ಸತ್ತ ಮೇಲೆ ಅದನ್ನು ಹರಾಜು ಹಾಕಿ, ಬಂದ ದುಡ್ಡು ಬಡವರ ಪೆಟ್ಟಿಗೆಗೆ. ಆ ಹರಾಜಿನ ಪಟ್ಟಿ ನೋಡಿ: ಮಂಚ, ಕಂಬಳಿ, ಕೆಟಲು, ಕುರ್ಚಿ, ನೂಲುವ ರಾಟೆ. ಒಂದು ಜೀವ ಇಡೀ ಆಯುಸ್ಸು ದುಡಿದು ಇಟ್ಟುಕೊಂಡದ್ದು ಅಷ್ಟೇ. ಈ ಪಟ್ಟಿಗಳನ್ನು ನಾನು ಒಂದಕ್ಷರ ಬಿಡದೆ ಇಳಿಸಿಕೊಳ್ಳುತ್ತೇನೆ. ಆ ಬಡವರ ಬದುಕಿನ ಬಗ್ಗೆ ಬೇರೆಲ್ಲೂ ಇಷ್ಟು ಹತ್ತಿರದ ಮಾತು ಸಿಗುವುದಿಲ್ಲ.

ಪಟ್ಟಿಯಲ್ಲಿ ಯಾರಿಲ್ಲ ಅಂತಲೂ ನೋಡಬೇಕು. ಮೈಯಲ್ಲಿ ಶಕ್ತಿ ಇದ್ದು ಕೆಲಸ ಇಲ್ಲದವರಿಗೆ ಕಾಯಂ ನೆರವು ಸಿಗುತ್ತಿರಲಿಲ್ಲ. 1819ರ ಸುಮಾರಿಗೆ ಗ್ಲಾಸ್ಗೋ ನೇಕಾರರು ಕೆಲಸ ಕಳಕೊಂಡಾಗ ಅವರಲ್ಲಿ ಕೆಲವರನ್ನು ಗ್ಲಾಸ್ಗೋ ಗ್ರೀನ್ ಮೈದಾನ ಸಮ ಮಾಡಲು ಹಚ್ಚಿದರು. ಅಂಥವರು ಸೆಷನ್ ಪುಸ್ತಕದಲ್ಲಿ ಇರುವುದಿಲ್ಲ. ಚಂದಾ ಸಮಿತಿಗಳ ಕಾಗದ, ಪತ್ರಿಕೆಗಳಲ್ಲಿ ಹುಡುಕಬೇಕು.

ಅದೇ 1819ರಲ್ಲಿ ಅದೇ ಊರಿನಲ್ಲಿ ಥಾಮಸ್ ಚಾಮರ್ಸ್ ಅನ್ನುವ ಪಾದ್ರಿ ಸೇಂಟ್ ಜಾನ್ಸ್ ಪ್ಯಾರಿಷ್‌ನಲ್ಲಿ (ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಪ್ರದೇಶ) ಹೊಸ ಪ್ರಯೋಗ ಶುರು ಮಾಡಿದರು. ಕೌನ್ಸಿಲ್ಲನ್ನು ಒಪ್ಪಿಸಿ ಚರ್ಚಿನ ಕಾಣಿಕೆ ಪೂರ್ತಿ ಅಲ್ಲೇ ಉಳಿಸಿಕೊಂಡರು. ಸುಮಾರು 10,000 ಜನರ ಪ್ಯಾರಿಷ್ಷನ್ನು 25 ಪಾಲು ಮಾಡಿ, ಒಂದೊಂದಕ್ಕೂ ಒಬ್ಬ ಡೀಕನ್, ಅಂದರೆ ಬಡವರನ್ನು ನೋಡಿಕೊಳ್ಳುವ ಚರ್ಚಿನವನನ್ನು, ಇಟ್ಟರು. ನೆರವು ಕೇಳಿದವರಿಗೆ ಮೊದಲು ನೆಂಟರು, ನೆರೆಯವರು ಆಗಬೇಕು ಅನ್ನುವುದು ಅವರ ನಂಬಿಕೆ. ಖರ್ಚೇನೋ ಇಳಿಯಿತು. ಆದರೆ ಅವರ ಉಪದೇಶ ಕೇಳಲು ಹೊರಗಿನ ಅನುಕೂಲಸ್ಥರೂ ಬರುತ್ತಿದ್ದರು, ಕಾಣಿಕೆಗೆ ಅವರ ದುಡ್ಡೂ ಬೀಳುತ್ತಿತ್ತು. ಖರ್ಚು ಕಡಿಮೆಯಾದ ಮಾತ್ರಕ್ಕೆ ಹಸಿವು ಕಡಿಮೆಯಾಯಿತು ಅಂತ ನಾನು ಒಪ್ಪುವುದಿಲ್ಲ. ಎಡಿನ್‌ಬರೋದ ವೈದ್ಯ ಡಬ್ಲ್ಯು. ಪಿ. ಅಲಿಸನ್ 1840ರಲ್ಲಿ, ಬಡತನವೇ ಜ್ವರ ಹರಡಲು ದಾರಿ, ನೆರವು ಜಾಸ್ತಿ ಆಗಲೇಬೇಕು ಅಂತ ವಾದಿಸಿದರು. ನನ್ನ ಮನಸ್ಸು ಅವರ ಕಡೆಗೇ.

ಎರಡೂ ಪುಸ್ತಕ ಹೊಂದಿಸುವಾಗ ತಾರೀಖಿನ ಮೇಲೆ ಕಣ್ಣಿರಲಿ. 1833ರ ಕಾಯ್ದೆಗೆ ಮುಂಚೆ ಕೌನ್ಸಿಲ್ಲಿನ ವರ್ಷ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯ ಮಿಕಲ್ಮಸ್ ಹಬ್ಬದ ಹೊತ್ತಿನ ಚುನಾವಣೆಯಿಂದ ಶುರು. ಮನೆ ಬಾಡಿಗೆ ಕಟ್ಟುವ ಗಡುವು ಮೇ ಮತ್ತು ನವೆಂಬರ್. ಬಡವರ ಬಾಡಿಗೆಗೆ ಸೆಷನ್ ಕೊಟ್ಟ ದುಡ್ಡನ್ನು ನಾನು ಆ ತಿಂಗಳುಗಳಲ್ಲೇ ಮೊದಲು ಹುಡುಕುತ್ತೇನೆ. ಬಡವರ ನೆರವಿನ 1845ರ ಕಾಯ್ದೆ ಬಂದ ಮೇಲೆ ಪ್ಯಾರಿಷ್ ಬೋರ್ಡು, ಬಡವರ ಇನ್ಸ್‌ಪೆಕ್ಟರ್ ಬಂದರು. ಅವರ ರಿಜಿಸ್ಟರಿನಲ್ಲಿ ವಯಸ್ಸು, ಹುಟ್ಟಿದ ಊರು, ಕಾಯಿಲೆ ಎಲ್ಲಾ ಇರುತ್ತದೆ. ಸೆಷನ್ ಪುಸ್ತಕದಲ್ಲಿ ಬರೀ ‘ವಿಧವೆ’ ಅಂತ ಇದ್ದವಳ ಹೆಸರು ಅಲ್ಲೂ ಕಂಡರೆ, ಅವಳಿಂದಲೇ ಶುರು ಮಾಡಿ ಹಿಂದಕ್ಕೆ ಓದಿ.