ರಾಸಾಯನಿಕ ಕ್ರಿಯೆಯ ಉಷ್ಣ ಬದಲಾವಣೆಯನ್ನು ಅಳೆಯುವ ಕ್ರಮ

ಒಂದು ಕ್ರಿಯೆ ಬಹಿರುಷ್ಣಕವೋ (ಉಷ್ಣವನ್ನು ಹೊರಬಿಡುವುದೋ) ಅಂತರುಷ್ಣಕವೋ (ಉಷ್ಣವನ್ನು ಹೀರಿಕೊಳ್ಳುವುದೋ) ಎಂದು ತಿಳಿಯಲು ಥರ್ಮೋಕೋಲ್ ಲೋಟ, ಮುಚ್ಚಳ ಮತ್ತು ಉಷ್ಣತಾಮಾಪಕ ಸಾಕು. ಗಾಜಿನ ಬೀಕರ್ ಬೇಡ. ಅದರ ಮೂಲಕ ಉಷ್ಣ ಬೇಗನೆ ಸೋರಿಹೋಗುತ್ತದೆ.

ಸುರಕ್ಷಾ ಕನ್ನಡಕ ಮತ್ತು ಕೈಗವಸು ಧರಿಸಿ, ಲೋಟಕ್ಕೆ 1 ಮೋಲಾರ್ (ಲೀಟರಿಗೆ 1 ಮೋಲ್ ಸಾರತೆಯ) ಹೈಡ್ರೋಕ್ಲೋರಿಕ್ ಆಮ್ಲವನ್ನು 50 ಮಿಲಿಲೀಟರ್ ಹಾಕಿ, ಉಷ್ಣತೆ ಸ್ಥಿರವಾದ ಮೇಲೆ ಅದನ್ನು ಬರೆದುಕೊಳ್ಳಿ. ಅದೇ ಉಷ್ಣತೆಯಲ್ಲಿರುವ, ಅಷ್ಟೇ ಸಾರತೆಯ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು 50 ಮಿಲಿಲೀಟರ್ ಸೇರಿಸಿ, ಮುಚ್ಚಳ ಹಾಕಿ, ಮೆಲ್ಲನೆ ಕಲಕುತ್ತಾ ಗರಿಷ್ಠ ಉಷ್ಣತೆಯನ್ನು ಗುರುತಿಸಿ. ಈ ಹಂತದಲ್ಲಿ ಅವಸರ ಸಲ್ಲದು, ಏಕೆಂದರೆ ಮುಂದಿನ ಲೆಕ್ಕವೆಲ್ಲ ಈ ಒಂದು ಅಳತೆಯನ್ನೇ ಅವಲಂಬಿಸಿದೆ.

ಈಗ ದ್ರಾವಣದ ರಾಶಿ (ಸುಮಾರು 100 ಗ್ರಾಂ), ನೀರಿನ ವಿಶಿಷ್ಟೋಷ್ಣ (1 ಗ್ರಾಂ ನೀರನ್ನು 1 ಡಿಗ್ರಿ ಸೆಲ್ಸಿಯಸ್ ಬಿಸಿಮಾಡಲು ಬೇಕಾದ ಉಷ್ಣ, 4.18 ಜೌಲ್) ಮತ್ತು ಉಷ್ಣತೆಯ ವ್ಯತ್ಯಾಸ ಇವುಗಳನ್ನು ಗುಣಿಸಿ. ಉಷ್ಣತೆ 6.7 ಡಿಗ್ರಿ ಸೆಲ್ಸಿಯಸ್ ಏರಿದ್ದರೆ 100 × 4.18 × 6.7, ಅಂದರೆ ಸುಮಾರು 2,800 ಜೌಲ್ ಬಿಡುಗಡೆಯಾಗಿದೆ. ಆಮ್ಲ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ವರ್ತಿಸಿ ಉಂಟಾದ ನೀರು 0.05 ಮೋಲ್ ಆದ್ದರಿಂದ, ಪ್ರತಿ ಮೋಲಿಗೆ ಸುಮಾರು 56 ಕಿಲೋಜೌಲ್ ಆಗುತ್ತದೆ; ಉಷ್ಣ ಹೊರಬಿದ್ದಿರುವುದರಿಂದ ಇದಕ್ಕೆ ಋಣ ಚಿಹ್ನೆ ಹಾಕಬೇಕು.

ಅಂತರುಷ್ಣಕ ಕ್ರಿಯೆಗೆ ಸಿಟ್ರಿಕ್ ಆಮ್ಲದ ದ್ರಾವಣಕ್ಕೆ ಅಡುಗೆ ಸೋಡಾ ಸೇರಿಸಿ ನೋಡಬಹುದು. ಇಲ್ಲಿ ಇಂಗಾಲದ ಡೈಆಕ್ಸೈಡ್ ನೊರೆಯಾಗಿ ಉಕ್ಕುವುದರಿಂದ ಮುಚ್ಚಳವನ್ನು ಬಿಗಿಯಾಗಿ ಹಾಕದೆ, ಇಳಿದ ಕನಿಷ್ಠ ಉಷ್ಣತೆಯನ್ನು ಓದಿಕೊಂಡು, ಫಲಿತಾಂಶವನ್ನು ಧನ ಚಿಹ್ನೆಯೊಂದಿಗೆ ಬರೆಯಬೇಕು.