ಜೊಲ್ಲು ನೋಡಿ ಮೈಯ ನೀರು ಅಳೆಯುವ ಕೆಲಸ: ನನ್ನ ಅನುಭವ

ಮೈಯಲ್ಲಿ ಕೊಬ್ಬು ಎಷ್ಟು ಪರ್ಸೆಂಟ್ ಇದೆ ಅಂತ ಹೇಳುವ ಮಷಿನ್ ಈಗ ಎಲ್ಲ ಕಡೆ ಸಿಗುತ್ತದೆ. ಬರಿಗಾಲಲ್ಲಿ ಹತ್ತಿ ನಿಂತರೆ ಸಾಕು, ನಂಬರ್ ಬರುತ್ತದೆ. ಆದರೆ ಬದುಕಿರುವ ಮನುಷ್ಯನ ಕೊಬ್ಬನ್ನು ಬೇರೆ ಮಾಡಿ ತೂಗುವ ಮಷಿನ್ ಯಾವುದೂ ಇಲ್ಲ. ಎಲ್ಲವೂ ಇನ್ನೇನನ್ನೋ ಅಳೆದು ಕೊಬ್ಬಿನ ಲೆಕ್ಕ ಹಾಕುತ್ತವೆ. ಲ್ಯಾಬಿನಲ್ಲಿ ನಾನು ಅಳೆಯುವುದು ನೀರನ್ನು.

ಯಾಕೆ ನೀರು? ಕೊಬ್ಬಿನಲ್ಲಿ ನೀರು ಇಲ್ಲ ಅನ್ನುವಷ್ಟು ಕಡಿಮೆ. ಉಳಿದ ಭಾಗದಲ್ಲಿ, ಅಂದರೆ ಸ್ನಾಯು, ರಕ್ತ, ಮೂಳೆ, ಅಂಗಾಂಗ ಎಲ್ಲ ಸೇರಿ, ಆರೋಗ್ಯವಾಗಿರುವ ದೊಡ್ಡವರಲ್ಲಿ ತೂಕದ ಸುಮಾರು 73.2 ಪರ್ಸೆಂಟ್ ನೀರು. ನೀರು ಎಷ್ಟು ಅಂತ ಗೊತ್ತಾದರೆ ಆ ಭಾಗದ ತೂಕ ಗೊತ್ತಾಗುತ್ತದೆ. ಒಟ್ಟು ತೂಕದಿಂದ ಅದನ್ನು ಕಳೆದರೆ ಉಳಿಯುವುದೇ ಕೊಬ್ಬು.

ಉಪಾಯ ಹಳೆಯದು. ದೊಡ್ಡ ಪಾತ್ರೆಯಲ್ಲಿ ಎಷ್ಟು ನೀರಿದೆ ಗೊತ್ತಿಲ್ಲ ಅಂದುಕೊಳ್ಳಿ. ತೂಗಿದ ಉಪ್ಪು ಹಾಕಿ, ಕದಡಿ, ಒಂದು ಚಮಚ ತೆಗೆದು ಉಪ್ಪು ಎಷ್ಟಿದೆ ನೋಡಿದರೆ ಪಾತ್ರೆಯ ನೀರು ಎಷ್ಟು ಅಂತ ಹೇಳಬಹುದು, ಅಲ್ವಾ? ಚಮಚದ ನೀರಿನ ಬದಲು ನಾವು ಜೊಲ್ಲು ನೋಡುತ್ತೇವೆ, ಉಪ್ಪಿನ ಬದಲು ಭಾರಜಲ ಕೊಡುತ್ತೇವೆ. ಇದರಲ್ಲಿ ಸಾಮಾನ್ಯ ಹೈಡ್ರೋಜನ್ ಬದಲು ಡ್ಯೂಟೀರಿಯಂ, ಅಂದರೆ ಹೈಡ್ರೋಜನ್ನಿನ ಭಾರದ ರೂಪ, ಇರುತ್ತದೆ. 1934ರಲ್ಲೇ ಹೆವೆಸಿ ಮತ್ತು ಹೋಫರ್ ಅನ್ನುವ ವಿಜ್ಞಾನಿಗಳು ಇದರಿಂದ ಮನುಷ್ಯನ ಮೈಯ ನೀರು ಅಳೆದಿದ್ದರು. ಡ್ಯೂಟೀರಿಯಂ ಪತ್ತೆಯಾಗಿ ಆಗಿನ್ನೂ ಹೆಚ್ಚು ಕಾಲ ಆಗಿರಲಿಲ್ಲ. ಭಾರಜಲ ಅಂದ ಕೂಡಲೇ ಕೆಲವರು ಅಣುಸ್ಥಾವರ ನೆನೆದು ಹೆದರುತ್ತಾರೆ. ಇದರಲ್ಲಿ ವಿಕಿರಣ ಇಲ್ಲ. ಮೂತ್ರ, ಬೆವರಿನ ಜೊತೆ ನಿಧಾನವಾಗಿ ಹೊರಗೆ ಹೋಗುತ್ತದೆ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳುತ್ತೇನೆ. ಮೂತ್ರ ಮಾಡಿ ಬಂದ ಮೇಲೆ ತೂಕ. ಆಮೇಲೆ ಮೊದಲ ಜೊಲ್ಲು. ಇದನ್ನು ಬಿಡುವ ಹಾಗಿಲ್ಲ. ನಾವು ದಿನಾ ಕುಡಿಯುವ ನೀರಿನಲ್ಲೂ ಚೂರು ಡ್ಯೂಟೀರಿಯಂ ಇದ್ದೇ ಇರುತ್ತದೆ, ಕೊನೆಗೆ ಅಷ್ಟನ್ನು ಕಳೆಯಬೇಕು. ಹತ್ತಿಯ ಉಂಡೆ ಬಾಯಲ್ಲಿಟ್ಟು ಆಡಿಸಿ, ಒದ್ದೆಯಾದ ಮೇಲೆ ಅದನ್ನು ಸಿರಿಂಜಿಗೆ ಹಾಕಿ ಒತ್ತಿದರೆ ಜೊಲ್ಲು ಸೀಸೆಗೆ ಇಳಿಯುತ್ತದೆ. ಬಾಯಿ ಒಣಗಿದೆ ಅನ್ನುವವರಿಗೆ 'ಹುಳಿ ತಿಂದ ಹಾಗೆ ನೆನೆಸಿಕೊಳ್ಳಿ' ಅನ್ನುತ್ತೇನೆ. ತಕ್ಷಣ ಕೆಲಸ ಆಗುತ್ತದೆ.

ನಂತರ 30 ಗ್ರಾಂ ಭಾರಜಲ. ಅಳತೆ ಲೋಟದಲ್ಲಿ ಅಳೆಯುವುದಿಲ್ಲ. ಗ್ರಾಂನ ನೂರನೇ ಒಂದು ಭಾಗ ತೋರಿಸುವ ತಕ್ಕಡಿಯಲ್ಲಿ ತೂಗಿ, ಬಾಟಲಿಯ ಮುಚ್ಚಳ ಬಿಗಿ ಮಾಡಿಟ್ಟಿರುತ್ತೇನೆ. ಸ್ಟ್ರಾ ಹಾಕಿ ಕುಡಿಯಬೇಕು. ಕುಡಿದ ಮೇಲೆ ಅದೇ ಬಾಟಲಿಗೆ ಸ್ವಲ್ಪ ನೀರು ಹಾಕಿ ಕುಲುಕಿ ಮತ್ತೆ ಕುಡಿಸುತ್ತೇನೆ, ಇನ್ನೊಂದು ಸಲವೂ ಹಾಗೇ. 'ಮುಗೀತಲ್ಲ, ಇನ್ನೂ ಯಾಕೆ?' ಅಂತ ಕೇಳುವವರಿದ್ದಾರೆ. ಲೆಕ್ಕ ನೋಡಿ: 62 ಕಿಲೋ ತೂಕದವರೊಬ್ಬರು ಒಂದು ಗ್ರಾಂ ಕುಡಿಯದೆ ಬಾಟಲಿಯಲ್ಲೇ ಬಿಟ್ಟರೆ, ಕಾಗದದ ಮೇಲೆ ಅವರ ಕೊಬ್ಬು ಒಂದೂವರೆ ಕಿಲೋ ಕಡಿಮೆ ಬರಬಹುದು. ತೂಕ ಇಳಿಸಲು ಇದಕ್ಕಿಂತ ಸುಲಭ ದಾರಿ ಇಲ್ಲ!

ಭಾರಜಲ ಮೈಯೆಲ್ಲ ಹರಡಲು ಸಮಯ ಬೇಕು. ಕುಡಿದು ಮೂರು ಗಂಟೆ ಆದ ಮೇಲೆ ಒಮ್ಮೆ, ನಾಲ್ಕು ಗಂಟೆ ಆದ ಮೇಲೆ ಇನ್ನೊಮ್ಮೆ ಜೊಲ್ಲು ತೆಗೆಯುತ್ತೇನೆ. ಎರಡರ ಅಂಕಿ ಹತ್ತಿರ ಇದ್ದರೆ ಸರಿಯಾಗಿ ಬೆರೆತಿದೆ ಅಂತ ಅರ್ಥ. ಜೊಲ್ಲು ತೆಗೆಯುವ ಅರ್ಧ ಗಂಟೆ ಮೊದಲಿಂದ ಏನೂ ಕುಡಿಯುವ ಹಾಗಿಲ್ಲ. ಬಾಯಲ್ಲಿ ಹೊಸ ನೀರು ಉಳಿದರೆ ಜೊಲ್ಲು ತೆಳುವಾಗುತ್ತದೆ. ಸೀಸೆಯ ಮುಚ್ಚಳದ ವಿಷಯದಲ್ಲಂತೂ ನಾನು ತುಂಬಾ ಜಿಪುಣ, ಒಂದು ಕ್ಷಣವೂ ಸುಮ್ನೆ ತೆರೆದಿಡುವುದಿಲ್ಲ. ಆವಿಯಾಗುವಾಗ ಹಗುರ ನೀರು ಮೊದಲು ಹೋಗುತ್ತದೆ, ಭಾರದ್ದು ಹಿಂದೆ ಉಳಿದು ಅಂಕಿ ಏರುತ್ತದೆ. ಭಾರಜಲ ತೂಗುವ ಕೋಣೆಗೆ ಜೊಲ್ಲಿನ ಸೀಸೆ ತರುವುದೂ ಇಲ್ಲ.

ಸೀಸೆಯ ಜೊಲ್ಲನ್ನು 0.1 ಮಿಲಿಮೀಟರ್ ಸಂದಿನ ಗಾಜಿನಂಥ ಕೋಶಕ್ಕೆ ತುಂಬಿ ಇನ್‌ಫ್ರಾರೆಡ್ ಬೆಳಕು ಹಾಯಿಸಿದರೆ ಡ್ಯೂಟೀರಿಯಂ ಎಷ್ಟಿದೆ ಅಂತ ಮಷಿನ್ ಹೇಳುತ್ತದೆ. ಒಳಗೆ ಒಂದು ಗಾಳಿಗುಳ್ಳೆ ಕಂಡರೂ ತೆಗೆದು ಮತ್ತೆ ತುಂಬುತ್ತೇನೆ.

ಈಗ ಆ 62 ಕಿಲೋದವರ ಲೆಕ್ಕ. ಕೊಟ್ಟದ್ದು 30,000 ಮಿಲಿಗ್ರಾಂ. ಮೊದಲಿನದು ಕಳೆದ ಮೇಲೆ ಜೊಲ್ಲಿನಲ್ಲಿ ಕಿಲೋಗೆ 860 ಮಿಲಿಗ್ರಾಂ ಭಾರಜಲ ಸಿಕ್ಕಿತು ಅಂದುಕೊಳ್ಳಿ. ಭಾಗಿಸಿದರೆ 34.9 ಕಿಲೋ. ಡ್ಯೂಟೀರಿಯಂ ಸ್ವಲ್ಪ ಮಟ್ಟಿಗೆ ಪ್ರೋಟೀನಿನಂಥ ಕಡೆಯೂ ಹೋಗಿ ಸೇರಿಕೊಳ್ಳುವುದರಿಂದ ಇದನ್ನು 1.041ರಿಂದ ಭಾಗಿಸಬೇಕು. ನೀರು 33.5 ಕಿಲೋ. ಅದನ್ನು 0.732ರಿಂದ ಭಾಗಿಸಿದರೆ ಕೊಬ್ಬಿಲ್ಲದ ತೂಕ 45.8. ಉಳಿದ 16.2 ಕಿಲೋ ಕೊಬ್ಬು, ಅಂದರೆ 26 ಪರ್ಸೆಂಟ್.

ಹಾಗಾದರೆ ನಿಂತು ನೋಡುವ ಮಷಿನ್ ಏನು ಮಾಡುತ್ತದೆ? ಚಿಕ್ಕ ಕರೆಂಟ್ ಹಾಯಿಸಿ ತಡೆ ಎಷ್ಟು ಅಂತ ಅಳೆಯುತ್ತದೆ. ಉಪ್ಪುಪ್ಪಾದ ನೀರಿನಲ್ಲಿ ಕರೆಂಟ್ ಸಲೀಸಾಗಿ ಹೋಗುತ್ತದೆ, ಕೊಬ್ಬಿನಲ್ಲಿ ಹೋಗುವುದಿಲ್ಲ. ಎತ್ತರವನ್ನು ಎತ್ತರದಿಂದಲೇ ಗುಣಿಸಿ ತಡೆಯಿಂದ ಭಾಗಿಸಿದರೆ ನೀರಿನ ಅಂದಾಜು ಸಿಗುತ್ತದೆ. ಬರೀ ಪಾದಕ್ಕೆ ತಾಗುವ ಮಷಿನ್ನಾದರೆ ಕರೆಂಟ್ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹೋಗುತ್ತದೆ, ಹೊಟ್ಟೆಯ ಮೇಲ್ಭಾಗದ ಸುದ್ದಿ ಅದಕ್ಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ಉಳಿದದ್ದೆಲ್ಲ ಒಳಗಿರುವ ಸೂತ್ರದ ಕೆಲಸ. ಆ ಸೂತ್ರವನ್ನು ಕಟ್ಟಲು ಹಿಂದೆ ಯಾರೋ ನನ್ನಂಥವರೇ ಜೊಲ್ಲು ಹಿಂಡಿರುತ್ತಾರೆ, ಇಲ್ಲವೇ ಎಕ್ಸ್‌ರೇಯಿಂದ ಕೊಬ್ಬು, ಮೂಳೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿರುತ್ತಾರೆ. ಅವರು ಅಳೆದ ಜನರಿಗೂ ನಿಮಗೂ ವಯಸ್ಸು, ಮೈಕಟ್ಟು ಹೊಂದದಿದ್ದರೆ ನಂಬರ್ ದಾರಿ ತಪ್ಪುತ್ತದೆ. ಗಂಟೆಗಟ್ಟಲೆ ಕಾಯಬೇಕಿಲ್ಲ ಅನ್ನುವುದು ಅದರ ಅನುಕೂಲ. ಅದೇನೂ ಸಣ್ಣದಲ್ಲ.

ನನ್ನ ವಿಧಾನವೂ 73.2ರ ಮೇಲೇ ನಿಂತಿದೆ. ಹುಟ್ಟಿದ ಮಗುವಿನಲ್ಲಿ ಆ ಅಂಕಿ 80ರ ಆಸುಪಾಸು, ಬೆಳೆದಂತೆ ಇಳಿಯುತ್ತದೆ. ಅದಕ್ಕೇ ಮಕ್ಕಳಿಗೆ ವಯಸ್ಸಿಗೆ ತಕ್ಕ ಅಂಕಿ ಹಾಕುತ್ತೇನೆ. ಗರ್ಭಿಣಿಯರಲ್ಲಿ, ಕಿಡ್ನಿ ತೊಂದರೆಯಿಂದ ಕೈಕಾಲು ಊದಿಕೊಂಡವರಲ್ಲಿ ನೀರು ಹೆಚ್ಚಿರುತ್ತದೆ. ಅದೇ 0.732 ಹಾಕಿದರೆ ಬಾವಿನ ನೀರೂ ಸ್ನಾಯುವಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಬಾವಿರುವವರ ರಿಪೋರ್ಟಿನಲ್ಲಿ ನೀರು ಎಷ್ಟು ಕಿಲೋ ಅಂತ ಮಾತ್ರ ಬರೆಯುತ್ತೇನೆ. ಕೊಬ್ಬಿನ ಜಾಗ ಖಾಲಿ ಬಿಡುತ್ತೇನೆ.